ಮೊದಲು ಬ್ರಷ್ ಕೊಡಿ, ಆಮೇಲೆ ಬುದ್ಧಿ ಹೇಳಿ

ಕೊಡಗಿನ ಸಿದ್ದಾಪುರದ ಕಡೆಯ ಶಿಕ್ಷಕಿಯೊಬ್ಬರ ಪತ್ರ: "ಕಾಪಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಮಕ್ಕಳ ಹಲ್ಲು ನೋಡಿದರೆ ಸಂಕಟವಾಗುತ್ತದೆ. ಒಂದನೇ ಕ್ಲಾಸಿಗೇ ಹುಳುಕು. ಬಿಸ್ಕತ್ತಿಗೆ ಕಾಸಿರುತ್ತದೆ, ಬ್ರಷ್‌ಗೆ ಇರುವುದಿಲ್ಲ. ತಂದೆತಾಯಿಗೆ ತಿಳಿವಳಿಕೆ ಬರುವಂತೆ ಒಂದು ಲೇಖನ ಬರೆಯಿರಿ."

ಮೇಡಂ, ಮಕ್ಕಳ ಬಾಯಿಯನ್ನು ಇಷ್ಟು ಗಮನಿಸುವ ಟೀಚರ್ ಸಿಕ್ಕಿದ್ದು ಅವರ ಪುಣ್ಯ. ತಿಳಿವಳಿಕೆ ಬೇಕು, ಒಪ್ಪಿದೆ. ಆದರೆ ಲೇಖನ ಯಾರಿಗೆ ಬರೆಯಲಿ? ಲೈನ್ ಮನೆಯ ತಾಯಿಗೆ ನಮ್ಮ ಪತ್ರಿಕೆ ಓದಲು ಪುರುಸೊತ್ತೆಲ್ಲಿ? ಕಾಪಿ ಕುಯ್ಲಿನ ಕಾಲದಲ್ಲಿ ಅವಳು ತೋಟಕ್ಕೆ ಹೊರಟಾಗ ಮಗು ಇನ್ನೂ ಮಲಗಿರುತ್ತದೆ. ಎಷ್ಟೋ ಕಡೆ ನಾಲ್ಕಾರು ಮನೆಗೆ ಒಂದೇ ನಲ್ಲಿ, ಅದೂ ಅಂಗಳದಾಚೆ. ಡಿಸೆಂಬರ್ ಚಳಿಯಲ್ಲಿ ಆ ನೀರು ಬಾಯಿಗೆ ಹಾಕಿ ನೋಡಿ. ಮಗು ಎದ್ದಾಗ ಸಿಗುವುದು ಬೆಲ್ಲದ ಕಾಪಿ, ಅದರಲ್ಲಿ ಅದ್ದಿದ ಬಿಸ್ಕತ್ತು. ಅಗ್ಗ, ಅಳುವೂ ನಿಲ್ಲುತ್ತದೆ. ಆ ತಾಯಿಯನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನೀವೂ ಬೈಯಬೇಡಿ.

ಆರೇಳು ವರ್ಷದವರೆಗೆ ಮಗು ತಾನೇ ಸರಿಯಾಗಿ ಹಲ್ಲುಜ್ಜಿಕೊಳ್ಳುವುದಿಲ್ಲ. ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ದಿನಕ್ಕೆ ಎರಡು ಸಲ, ರಾತ್ರಿಯದಂತೂ ತಪ್ಪಬಾರದು. ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಇರಬೇಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ಬ್ರಷ್ ತುಂಬ ಪೇಸ್ಟ್ ಹಾಕುವುದು ಜಾಹೀರಾತಿನವರ ಲೆಕ್ಕ. ನೊರೆ ಉಗಿದ ಮೇಲೆ ಮುಕ್ಕಳಿಸದಿದ್ದರೇ ಒಳ್ಳೆಯದು. ನೀರಿಗೆ ಪರದಾಡುವ ಕಡೆ ಇದು ಅನುಕೂಲವೇ ಅಲ್ವಾ? ಇದ್ದಿಲು, ಬೂದಿಯಲ್ಲಿ ಉಜ್ಜಿದರೆ ಹಲ್ಲು ಸವೆಯುತ್ತದೆ, ಫ್ಲೋರೈಡೂ ಸಿಗುವುದಿಲ್ಲ.

"ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ" ಅನ್ನುವವರು ತೋಟದ ಬಂಗಲೆಯಲ್ಲೂ ಇದ್ದಾರೆ. ಸುಮಾರು ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಹೊಸ ದವಡೆಹಲ್ಲು ಹುಟ್ಟುತ್ತದೆ. ಅದಕ್ಕೆ ಜಾಗ ಬಿಡಲು ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಜೀವಮಾನವಿಡೀ ಇರಬೇಕಾದ ಹಲ್ಲು. ನಿಮ್ಮ ಒಂದನೇ ಕ್ಲಾಸಿನಲ್ಲಿ ಹಾಳಾಗುತ್ತಿರುವುದರಲ್ಲಿ ಅದೂ ಇರಬಹುದು, ನೋಡಿ.

ಸ್ಕಾಟ್ಲೆಂಡ್‌ನಲ್ಲಿ 2006ರಲ್ಲಿ ಚೈಲ್ಡ್‌ಸ್ಮೈಲ್ ಎಂಬ ಯೋಜನೆ ಶುರುವಾಯಿತು. ಅಲ್ಲಿನ ನರ್ಸರಿಗಳಲ್ಲಿ ಟೀಚರ್ ಎದುರಿಗೇ ಮಕ್ಕಳು ದಿನವೂ ಹಲ್ಲುಜ್ಜುತ್ತಾರೆ. ಮನೆಗೂ ಬ್ರಷ್, ಪೇಸ್ಟ್ ಪುಕ್ಕಟೆ. ಹುಳುಕು ಕಮ್ಮಿಯಾಯಿತು. ಚಿಕಿತ್ಸೆಯಲ್ಲಿ ಉಳಿದ ದುಡ್ಡು ನರ್ಸರಿಯಲ್ಲಿ ಉಜ್ಜಿಸುವ ಖರ್ಚಿಗಿಂತ ಜಾಸ್ತಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿತು. ನಮ್ಮಲ್ಲಿ? ಮಕ್ಕಳ ದಿನಾಚರಣೆಗೆ ಒಂದು ಶಿಬಿರ, ಪ್ಲಾಸ್ಟಿಕ್ ದವಡೆ ಹಿಡಿದು ಒಂದು ಭಾಷಣ, ಒಂದು ಫೋಟೊ. ಮಾರನೇ ದಿನ ಆ ಮಗುವಿನ ಕೈಯಲ್ಲಿ ಬ್ರಷ್ ಇದೆಯೋ ಇಲ್ಲವೋ ಕೇಳುವವರಿಲ್ಲ. ದಂತ ಕಾಲೇಜು ವಿರಾಜಪೇಟೆಯಲ್ಲೇ ಇದೆ, ಸಂತೋಷ. ಆದರೆ ಹುಳುಕು ತಡೆಯುವ ಜಾಗ ಅಂಗನವಾಡಿ. ಐವತ್ತು ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಕೊಡಗಿನ ತೋಟಗಳು ಬಹುಪಾಲು ಚಿಕ್ಕವು, ಆ ಲೆಕ್ಕಕ್ಕೇ ಬರುವುದಿಲ್ಲ. ಆದರೆ 2024ರಲ್ಲಿ ರೊಬಸ್ಟಾ ಕಾಪಿಗೆ ಬಂದ ಬೆಲೆ ಚಿಕ್ಕದಲ್ಲ. ಆ ಕಾಪಿ ಕುಯ್ದವಳ ಮಗುವಿಗೆ ವರ್ಷಕ್ಕೆ ನಾಲ್ಕು ಬ್ರಷ್ ಕೊಡಿಸಲು ಕಾಯ್ದೆ ಬೇಕಾ?

ನೀವು ಇಷ್ಟು ಮಾಡಿ. ಮಧ್ಯಾಹ್ನದ ಊಟವಾದ ಮೇಲೆ ಶಾಲೆಯಲ್ಲೇ ಎಲ್ಲರೂ ಒಟ್ಟಿಗೆ ಉಜ್ಜಲಿ. ಬ್ರಷ್ ಒಂದಕ್ಕೊಂದು ತಾಗದಂತೆ ಹಲಗೆಗೆ ತೂಗುಹಾಕಿ, ಹೆಸರು ಬರೆಯಿರಿ. ಖರ್ಚಿಗೆ ಸುತ್ತಲಿನ ತೋಟದವರಿಗೆ ಒಂದು ಕಾಗದ ಬರೆದು ನಮಗೂ ಕಳಿಸಿ. ಅದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.