ಕೋಳಿ ಮಿದುಳಿನ ಸೀಳಿನಲ್ಲಿ ತೂತು

ಪ್ರಶ್ನೆ: ಕೋಳಿ ಅಂಗಡಿಯಿಂದ ತಂದ ತಲೆಯ ಮಿದುಳನ್ನು ಕೊಳೆಯದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿಟ್ಟು, ಹೆಪ್ಪುಗಟ್ಟಿಸಿ ಸೀಳಿದರೆ ಬರೀ ತೂತು. ಮಿದುಳಿನ ಹಳೆಯ ನಕಾಶೆಯಲ್ಲಿರುವ ಭಾಗಗಳ ಹೆಸರುಗಳೂ ಈಗಿನ ಲೇಖನಗಳಿಗೆ ತಾಳೆಯಾಗುತ್ತಿಲ್ಲ. ಏನು ಮಾಡಲಿ?
– ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ತೂತು ಮಾಡಿದ್ದು ಬ್ಲೇಡಲ್ಲ, ಹೆಪ್ಪುಗಟ್ಟುವಾಗ ಮೂಡುವ ಮಂಜಿನ ಹರಳು. ಫಾರ್ಮಲಿನ್ ಆದ ಮೇಲೆ ಮಿದುಳನ್ನು ಶೇ. 30ರ ಸುಕ್ರೋಸ್ (ಸಕ್ಕರೆ) ದ್ರಾವಣದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಮೊದಲು ತೇಲುತ್ತದೆ, ತಾನಾಗಿ ತಳ ಸೇರುವವರೆಗೂ ಮುಟ್ಟಬೇಡಿ; ಒಳಸೇರಿದ ಸಕ್ಕರೆ ಹರಳು ಬೆಳೆಯದಂತೆ ತಡೆಯುತ್ತದೆ. ಆಮೇಲೆ ಬೇಗ ಹೆಪ್ಪುಗಟ್ಟಿಸಿ, 40 ಮೈಕ್ರೋಮೀಟರ್ ದಪ್ಪಕ್ಕೆ ಕೊಯ್ದು, ಕ್ರೆಸಿಲ್ ವೈಲೆಟ್ ಬಣ್ಣ ಕೊಡಿ. ಅಂದಹಾಗೆ, ನಿಮ್ಮೂರಿನ ಬೇಸಿಗೆಯಲ್ಲಿ ಕೋಳಿ ತಲೆ ಗಂಟೆಗಟ್ಟಲೆ ಹೊರಗಿದ್ದರೆ ಯಾವ ದ್ರಾವಣವೂ ಕಾಪಾಡದು.

ಹಕ್ಕಿ ಮಿದುಳಿನ ಭಾಗಗಳ ಹೆಸರುಗಳು 2004ರಲ್ಲಿ ಬದಲಾದವು: ಉದಾಹರಣೆಗೆ, ನಿಯೋಸ್ಟ್ರೈಟಮ್ ಎಂಬ ಭಾಗ ಈಗ ನಿಡೋಪ್ಯಾಲಿಯಮ್. ಒಂದೇ ಸೀಳಿನಲ್ಲಿ ಎಡ-ಬಲ ಬೇರೆಬೇರೆ ಕಂಡರೆ ಮಿದುಳು ಓರೆಯಾಗಿ ಕೂತಿದೆ. ಪಾರಿವಾಳದ ನಕಾಶೆಯ ಅಳತೆಯನ್ನಂತೂ ಕೋಳಿಗೆ ಹಚ್ಚಬೇಡಿ.