ಅಪ್ಪನ ಸಹಿಗೆ ಮುನ್ನ

ಪ್ರಶ್ನೆ: ನಾನು ಮಂಡ್ಯದಲ್ಲಿ ಶಾಲಾ ಶಿಕ್ಷಕಿ. 66 ವರ್ಷದ ಅಪ್ಪನ ಹೃದಯದಲ್ಲಿ ಮೂರು ಕಡೆ ಬ್ಲಾಕ್ ಇದ್ದು, ಒಂದು ತಿಂಗಳೊಳಗೆ ಬೈಪಾಸ್ ಆಗಬೇಕೆಂದು ವೈದ್ಯರು ಹೇಳಿದ್ದಾರೆ. ಖಾಸಗಿ ಆಸ್ಪತ್ರೆಯ ಅಂದಾಜು 6 ಲಕ್ಷ. ಮನೆ ಅಪ್ಪನ ಹೆಸರಿನಲ್ಲಿದೆ. ಅದನ್ನು ಅಡವಿಡಲು ಅವರು ಒಪ್ಪುತ್ತಿಲ್ಲ. ವಿಮೆಯ ಕಾಗದವೆಂದು ಹೇಳಿ ಸಹಿ ಹಾಕಿಸೋಣ, 10 ಲಕ್ಷ ತೆಗೆದರೆ ಮಾಳಿಗೆ ರಿಪೇರಿಯೂ ಆಗುತ್ತದೆ ಎನ್ನುತ್ತಾನೆ ತಮ್ಮ. ಏನು ಮಾಡಲಿ?

ಉತ್ತರ: ಸುಳ್ಳು ಹೇಳಿ ಸಹಿ ಹಾಕಿಸುವ ಯೋಚನೆಯನ್ನು ಮೊದಲು ಬಿಟ್ಟುಬಿಡಿ. ಅದು ಮೋಸವೆನ್ನುವುದು ಒಂದು ಕಡೆಯಾದರೆ, ನಡೆಯುವ ಮಾತೂ ಅಲ್ಲ. ಮನೆಯ ಮೂಲ ಕ್ರಯಪತ್ರವನ್ನು ಅಪ್ಪ ಬ್ಯಾಂಕಿನ ಅಧಿಕಾರಿಯ ಎದುರು ಕುಳಿತು ತಾವೇ ಒಪ್ಪಿಸಬೇಕಾಗುತ್ತದೆ. ಮನೆ ಅವರ ಸ್ವಂತ ದುಡಿಮೆಯದಾದರೆ ಅಡವಿಡುವ ಹಕ್ಕು ಅವರೊಬ್ಬರದು. ಪಿತ್ರಾರ್ಜಿತವಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ತಮ್ಮನಷ್ಟೇ ಪಾಲು ನಿಮಗೂ ಇರುವುದರಿಂದ, ಬ್ಯಾಂಕ್ ನಿಮ್ಮೆಲ್ಲರ ಸಹಿಯನ್ನೂ ಕೇಳುತ್ತದೆ.

ಇನ್ನು, ಆಸ್ತಿ ಸಾಲವೆಂಬುದು ತುರ್ತಿಗೆ ಒದಗುವ ಹಣವಲ್ಲ. ಖಾತೆ, ಕಂದಾಯದ ರಸೀದಿ, ಇ.ಸಿ. (ಆಸ್ತಿಯ ಮೇಲಿನ ಋಣಭಾರ ತಿಳಿಸುವ ಪತ್ರ), ವಕೀಲರ ಅಭಿಪ್ರಾಯ, ಮನೆಯ ಮೌಲ್ಯಮಾಪನ ಇಷ್ಟೂ ಮುಗಿದು ಹಣ ಕೈಸೇರಲು ಎರಡು ಮೂರು ವಾರಗಳೇ ಬೇಕಾಗಬಹುದು. ನಿಮಗೆ ಒಂದು ತಿಂಗಳ ಅವಕಾಶವಿರುವುದು ಪುಣ್ಯ. ಆ ಅವಧಿಯಲ್ಲಿ ಮೊದಲು ಮಾಡಬೇಕಾದ ಕೆಲಸ ಸಾಲ ಹುಡುಕುವುದಲ್ಲ, ಖರ್ಚು ಇಳಿಸುವುದು. ಆಂಜಿಯೋಗ್ರಾಂ ವರದಿ ಹಿಡಿದುಕೊಂಡು ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿ, ಅಲ್ಲಿನ ಖರ್ಚನ್ನೂ ಶಸ್ತ್ರಚಿಕಿತ್ಸೆಗೆ ಸಿಗುವ ದಿನಾಂಕವನ್ನೂ ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ ಸಿಗುತ್ತದೆ. ಈ ನೆರವಿಗೆ ಬೇಕಾಗುವ ಶಿಫಾರಸು ಪತ್ರದ ವಿಷಯವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಈ ವಾರವೇ ಕೇಳಿಕೊಳ್ಳಿ. ದಾಖಲಾದ ಮೇಲೆ ಓಡಾಡುವುದು ಕಷ್ಟ.

ಇದೆಲ್ಲ ಕಳೆದು ಉಳಿಯುವ ಕೊರತೆಗೆ ಮಾತ್ರ ಸಾಲ ಮಾಡಿ. ಆ ಮೊತ್ತ ಒಂದೆರಡು ಲಕ್ಷಕ್ಕೆ ಇಳಿದರೆ ಮನೆಯಲ್ಲಿರುವ ಚಿನ್ನವೇ ಸಾಕಾದೀತು, ಚಿನ್ನದ ಸಾಲ ಅದೇ ದಿನ ಸಿಗುತ್ತದೆ. ಮಾಳಿಗೆಯ ಮಾತನ್ನು ತಮ್ಮ ಈಗ ಎತ್ತಬಾರದಿತ್ತು. 10 ಲಕ್ಷವನ್ನು ಶೇ 10ರ ಬಡ್ಡಿಗೆ 15 ವರ್ಷದ ಅವಧಿಗೆ ತೆಗೆದರೆ ತಿಂಗಳ ಕಂತು ಸುಮಾರು 10,750 ರೂಪಾಯಿಯಾಗಿ, ತೀರುವ ಹೊತ್ತಿಗೆ 19 ಲಕ್ಷಕ್ಕೂ ಹೆಚ್ಚು ಕಟ್ಟಿರುತ್ತೀರಿ. 90 ದಿನ ಕಂತು ಬಾಕಿಯಾದರೆ ಖಾತೆ ಅನುತ್ಪಾದಕ ಸಾಲದ ಪಟ್ಟಿಗೆ ಸೇರುತ್ತದೆ. ಆನಂತರ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ 60 ದಿನಗಳ ನೋಟಿಸ್ ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ಪಡೆಯಬಹುದು. ಅಪ್ಪನ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಆದ್ದರಿಂದ ಕೊರತೆಯ ಮೊತ್ತ, ತಿಂಗಳ ಕಂತು, ಅದನ್ನು ಯಾರು ಎಷ್ಟು ಕಟ್ಟುವಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ತಮ್ಮನನ್ನೂ ಕೂರಿಸಿಕೊಂಡು ಅಪ್ಪನ ಕೈಗೆ ಕೊಡಿ. ಸಾಲ ತೀರಿದ 30 ದಿನಗಳೊಳಗೆ ಮೂಲ ದಾಖಲೆ ಮರಳಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಕ್ರಯಪತ್ರದ ಚಿಂತೆ ಇರುವವರಿಗೆ ಇದನ್ನು ತಿಳಿಸುವುದು ಒಳ್ಳೆಯದು. ಅವರು ಬೇಡವೆನ್ನುತ್ತಿರುವುದು ಸಾಲವನ್ನೋ ಶಸ್ತ್ರಚಿಕಿತ್ಸೆಯನ್ನೋ ಎಂದೂ ಕೇಳಿ. ಎದೆ ಸೀಳುವ ಹೆದರಿಕೆಯನ್ನು ಮನೆಯ ನೆಪದಲ್ಲಿ ಮುಚ್ಚಿಡುವವರಿದ್ದಾರೆ. ಅಪ್ಪನದೂ ಅದೇ ಆಗಿದ್ದರೆ ಅವರಿಗೆ ಉತ್ತರ ಹೇಳಬೇಕಾದವರು ವೈದ್ಯರು, ಬ್ಯಾಂಕಿನವರಲ್ಲ. ಮೈಸೂರಿಗೆ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.