ಕರೆಂಟ್ ಹೋಯಿತು, ಬಿಲ್ಲೂ ಹೋಯಿತು!

ಪ್ರಶ್ನೆ: ಸಾರ್, ಮಂಡ್ಯದಲ್ಲಿ ನಮ್ಮದೊಂದು ದಿನಸಿ ಅಂಗಡಿ, ಎರಡು ಬಿಲ್ಲಿಂಗ್ ಕೌಂಟರ್. ಹೋದ ವಾರ ದೊಡ್ಡದೊಂದು ಬಿಲ್ ಹಾಕುತ್ತಿದ್ದಾಗ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಮತ್ತೆ ಆನ್ ಮಾಡಿದರೆ ಆ ಬಿಲ್ಲೇ ಇಲ್ಲ! ಸಾಫ್ಟ್‌ವೇರ್ ಹುಡುಗನನ್ನು ಕೇಳಿದರೆ "ಇದು ಓಎಲ್‌ಟಿಪಿ ಸಾರ್, ಹಂಗೇ ಆಗ್ಬೇಕು" ಅಂತಾನೆ. ಏಮಾರಿಸ್ತಿದ್ದಾನಾ?
– ದಿನಸಿ ವ್ಯಾಪಾರಿ, ಮಂಡ್ಯ

ಉತ್ತರ: ಇಲ್ಲ, ಹುಡುಗ ಹೇಳಿದ್ದು ಸರಿ. ಓಎಲ್‌ಟಿಪಿ ಅಂದರೆ ಆನ್‌ಲೈನ್ ಟ್ರಾನ್ಸಾಕ್ಷನ್ ಪ್ರೊಸೆಸಿಂಗ್. ವ್ಯವಹಾರ ನಡೆದ ಕ್ಷಣದಲ್ಲೇ ಲೆಕ್ಕ ಬರೆದು ಮುಗಿಸುವ ವ್ಯವಸ್ಥೆ. ನೀವು ಒಂದು ಬಿಲ್ ಹಾಕಿದಿರಿ ಅಂದುಕೊಳ್ಳಿ. ಒಳಗೆ ಅಕ್ಕಿ, ಬೇಳೆಯ ಸ್ಟಾಕ್ ಇಳಿಯಬೇಕು, ದುಡ್ಡು ನಗದಿಗೋ ಸಾಲದ ಖಾತೆಗೋ ಸೇರಬೇಕು, ಜಿಎಸ್‌ಟಿ ಲೆಕ್ಕ ಏರಬೇಕು, ಬಿಲ್ ನಂಬರ್ ಮುಂದಕ್ಕೆ ಹೋಗಬೇಕು. ಸ್ಟಾಕ್ ಇಳಿದ ಮೇಲೆ, ದುಡ್ಡು ಸೇರುವ ಮುಂಚೆ ಕರೆಂಟ್ ಹೋದರೆ? ಇಪ್ಪತ್ತೈದು ಕೆಜಿ ಅಕ್ಕಿ ಲೆಕ್ಕದಲ್ಲಿ ಮಾಯ, ದುಡ್ಡೂ ಇಲ್ಲ, ತಿಂಗಳ ಕೊನೆಗೆ ಕೆಲಸದ ಹುಡುಗನ ಮೇಲೆ ಅನುಮಾನ. ಅದಕ್ಕೇ ಆದರೆ ಎಲ್ಲಾ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು.

ಇದನ್ನು ಸಾಧಿಸೋದು ಹೇಗೆ ಅಂದರೆ, ಡೇಟಾಬೇಸ್, ಅಂದರೆ ಲೆಕ್ಕವನ್ನೆಲ್ಲ ಇಟ್ಟುಕೊಂಡು ನೋಡಿಕೊಳ್ಳುವ ಭಾಗ, ಏನು ಬದಲಾಯಿಸಿದರೂ ಮೊದಲು 'ಲಾಗ್' ಎಂಬ ಕಡತದಲ್ಲಿ ಬರೆದಿಡುತ್ತದೆ. ಕರೆಂಟ್ ಬಂದ ಮೇಲೆ ಅದನ್ನೇ ಓದಿ, ಪೂರ್ತಿ ಆಗಿದ್ದನ್ನು ಉಳಿಸಿ, ಅರ್ಧಕ್ಕೆ ನಿಂತದ್ದನ್ನು ಅಳಿಸುತ್ತದೆ. ನಿಮ್ಮ ಬಿಲ್ ಅಳಿಸಿದ್ದರ ಪಾಲಿಗೆ ಸೇರಿತು, ಅಷ್ಟೆ. ಆದರೆ ಪ್ರಿಂಟ್ ಆಗಿ ಗಿರಾಕಿ ಕೈಗೆ ಹೋದ ಬಿಲ್ ಕಾಣೆಯಾದರೆ ಮಾತ್ರ ಬಿಡಬೇಡಿ, ಅದು ಹೆಚ್ಚಾಗಿ ಸಾಫ್ಟ್‌ವೇರಿನದೇ ತಪ್ಪು.

ಎರಡು ಕೌಂಟರ್ ಇದೆ ಅಂದಿರಲ್ಲ, ಉಳಿದಿರೋದು ಒಂದೇ ಮೂಟೆ, ಇಬ್ಬರೂ ಒಟ್ಟಿಗೆ ಬಿಲ್ ಮಾಡಿದರೆ? ಮೊದಲು ಮುಟ್ಟಿದವರಿಗೆ ಆ ಮೂಟೆಯ ಲೆಕ್ಕದ ಸಾಲು ಬೀಗ ಹಾಕಿಕೊಳ್ಳುತ್ತದೆ, ಇನ್ನೊಬ್ಬರು ಅರೆಗಳಿಗೆ ಕಾಯಬೇಕು, ಆಮೇಲೆ ಅವರಿಗೆ ಕಾಣೋದು ಸೊನ್ನೆ. ಇದೇ ತಲೆನೋವು ವಿಮಾನದ ಸೀಟಿನಲ್ಲೂ ಇತ್ತು. ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ 'ಸೇಬರ್' 1964ರ ಹೊತ್ತಿಗೆ ಆ ಕಂಪನಿಯ ಬುಕಿಂಗ್ ಪೂರ್ತಿ ನೋಡಿಕೊಳ್ಳುತ್ತಿತ್ತು. ನಮ್ಮ ರೈಲ್ವೆಯ ಕಂಪ್ಯೂಟರ್ ರಿಸರ್ವೇಶನ್ ದೆಹಲಿಯಲ್ಲಿ ಶುರುವಾಗಿದ್ದು 1985ರಲ್ಲಿ. ಚೆನ್ನೈಗೆ ಹೋಗೋ ಕಾವೇರಿ ಎಕ್ಸ್‌ಪ್ರೆಸ್ಸಿನ ಕೊನೇ ಬರ್ತನ್ನು ಮೈಸೂರಲ್ಲೊಬ್ಬರು ಮಂಡ್ಯದಲ್ಲೊಬ್ಬರು ಒಟ್ಟಿಗೇ ಕೇಳಿದರೂ ಒಬ್ಬರಿಗೇ ಸಿಗೋದು ಇದರಿಂದಲೇ.

ಪ್ರಶ್ನೆ: ದೇವರಾಜ ಮಾರ್ಕೆಟ್ಟಲ್ಲಿ ಹೂವಿನ ಅಂಗಡಿ ಇಟ್ಟಿದ್ದೇನೆ. ಗಿರಾಕಿ ಫೋನಲ್ಲಿ ದುಡ್ಡು ಕಟ್ ಆಗಿದೆ, ನನ್ನ ಸೌಂಡ್‌ಬಾಕ್ಸ್ ಮಾತ್ರ ಗಪ್‌ಚುಪ್. ಹೂವು ಕೊಡಬೇಕಾ, ಬೇಡವಾ?
– ಹೂವಿನವರು, ಮೈಸೂರು

ಉತ್ತರ: ಅಕ್ಕಾ, ನಿಮ್ಮ ಖಾತೆಗೆ ಬರೋವರೆಗೂ ಅದು ನಿಮ್ಮ ದುಡ್ಡಲ್ಲ. ಅಂಗಡಿಯ ಬಿಲ್ ಒಂದೇ ಕಂಪ್ಯೂಟರಿನೊಳಗೆ ಮುಗಿಯುತ್ತದೆ. ಯುಪಿಐನಲ್ಲಿ ಹಾಗಲ್ಲ, ಗಿರಾಕಿಯ ಬ್ಯಾಂಕ್ ಒಂದು, ನಿಮ್ಮ ಬ್ಯಾಂಕ್ ಇನ್ನೊಂದು, ನಡುವೆ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ. ಅಲ್ಲಿ ಕಳೆದ ಮೇಲೆ ಇಲ್ಲಿ ಕೂಡಬೇಕು, ನಡುವೆ ಉತ್ತರ ತಡವಾದರೆ 'ಪೆಂಡಿಂಗ್'. ಕೂಡಲು ಆಗಲೇ ಇಲ್ಲವಾದರೆ ಕಳೆದದ್ದನ್ನು ಗಿರಾಕಿಗೆ ವಾಪಸ್ ಹಾಕುತ್ತಾರೆ. ಅಂಗಡಿಗೆ ಕಟ್ಟಿದ ಹಣ ಹೀಗೆ ಸಿಕ್ಕಿಕೊಂಡರೆ 5 ದಿನದೊಳಗೆ ತಾನಾಗೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಗಿರಾಕಿಗೆ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಪರಿಚಯದವರಾದರೆ ಹೂವು ಕೊಟ್ಟು ಕಳಿಸಿ, ನಿಮ್ಮಿಷ್ಟ. ಸ್ಕ್ರೀನ್‌ಶಾಟ್ ತೋರಿಸಿ ಅವಸರ ಮಾಡುವವರಿಗೆ ಮಾತ್ರ ಬೇಡ, ಸುಳ್ಳು ಸ್ಕ್ರೀನ್‌ಶಾಟ್ ಮಾಡೋದು ಬಹಳ ಸುಲಭ.

ಪ್ರಶ್ನೆ: ವರ್ಷದ ಮಾರಾಟದ ರಿಪೋರ್ಟ್ ತೆಗೆದರೆ ಬಿಲ್ಲಿಂಗ್ ತೆವಳುತ್ತದೆ. ಹೊಸ ಕಂಪ್ಯೂಟರ್ ಬೇಕಾ?
– ಬಟ್ಟೆ ಅಂಗಡಿಯವರು, ಮೈಸೂರು

ಉತ್ತರ: ಸದ್ಯಕ್ಕೆ ಬೇಡ, ಸುಮ್ನೆ ಖರ್ಚು. ಬಿಲ್ಲಿಂಗಿನ ಈ ಓಎಲ್‌ಟಿಪಿ ವ್ಯವಸ್ಥೆ ಇರೋದು ಸಣ್ಣ ಸಣ್ಣ ಕೆಲಸವನ್ನು ಜಾಸ್ತಿ ಸಂಖ್ಯೆಯಲ್ಲಿ, ಬೇಗ ಮುಗಿಸೋಕೆ. ವರ್ಷದ ಲೆಕ್ಕ ಕೇಳಿದರೆ ಅದು ಎಲ್ಲಾ ಬಿಲ್ಲನ್ನೂ ತಡಕಬೇಕು, ಅಷ್ಟರಲ್ಲಿ ಕೌಂಟರಿನಲ್ಲಿ ಸೀರೆ ಹಿಡಿದು ನಿಂತವರು ಗೊಣಗುತ್ತಾರೆ. ಬಾಗಿಲು ಹಾಕಿದ ಮೇಲೆ ರಿಪೋರ್ಟ್ ತೆಗೆಯಿರಿ. ಹಗಲಲ್ಲೇ ಬೇಕು ಅಂದರೆ ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿಗೆ ಹಾಕಿ ಅದರಲ್ಲಿ ನೋಡಿ. ಬ್ಯಾಕಪ್ ನಿಜವಾಗಿ ತೆರೆಯುತ್ತದೋ ಇಲ್ಲವೋ ಅನ್ನೋದೂ ಆಗ ಗೊತ್ತಾಗುತ್ತದೆ.